ಉಂಡವನ ಮಾತಿನ ಬೆಲೆ

ಕಳೆದ ತಿಂಗಳಿನ ಒಂದು ಭಾನುವಾರ ಬೆಳಿಗ್ಗೆ ನನ್ನ ಸೋದರಳಿಯ ಮನೆಗೆ ಬಂದ. ತಾನಾಗಿ ಬಂದವನಲ್ಲ, ಅವನ ತಾಯಿ, ಎಂದರೆ ನನ್ನ ಅಕ್ಕ, ಅಟ್ಟಿದ್ದಳು. “ನಿನ್ನ ಮಾವನನ್ನು ಒಂದು ಮಾತು ಕೇಳಿಕೊಂಡು ಬಾ. ಆಮೇಲೆ ನಿನ್ನ ಹಣೆಯಲ್ಲಿ ಬರೆದದ್ದು” ಎಂದಿದ್ದಳಂತೆ. ಹುಡುಗನಿಗೆ ಒಂದು ದೊಡ್ಡ ಕಂಪೆನಿಯ ಲೆಕ್ಕಪತ್ರದ ಶಾಖೆಯಲ್ಲಿ ಕೆಲಸ. ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ. ಅದನ್ನು ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಬಿಟ್ಟು ಮಾಡುವುದೇನು? ಊರೂರು ತಿರುಗುವುದು, ಅಲ್ಲಲ್ಲಿ ಸಿಕ್ಕುವುದನ್ನು ತಿನ್ನುವುದು, ತಿಂದದ್ದನ್ನೂ ಕಂಡದ್ದನ್ನೂ ಬರೆಯುವುದು, ಚಿತ್ರ ತೆಗೆದು ತೋರಿಸುವುದು. ಅದರಿಂದಲೇ ಜೀವನ.

ಅಕ್ಕನ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ‘ತಿಂಡಿಪೋತ’ ಎಂಬುದೂ ಬೈಗುಳ, ‘ಅಲೆಮಾರಿ’ ಎಂಬುದೂ ಬೈಗುಳ. ಎರಡು ಬೈಗುಳಗಳನ್ನು ಸೇರಿಸಿ ಹೊಲಿದು ಮಗ ಅದನ್ನೇ ಉದ್ಯೋಗದ ಅಂಗಿಯಾಗಿ ತೊಟ್ಟುಕೊಳ್ಳುತ್ತೇನೆಂದರೆ ಯಾವ ತಾಯಿ ಸಹಿಸಿಯಾಳು? ಆದರೆ ಹುಡುಗ ಸೋಮಾರಿಯಲ್ಲ. ಶನಿವಾರ ಭಾನುವಾರಗಳನ್ನು ಅವನು ಕಳೆಯುವ ರೀತಿಯನ್ನು ನಾನು ಬಲ್ಲೆ. ದಾವಣಗೆರೆಯ ಬೆಣ್ಣೆ ದೋಸೆಗೆಂದು ರಾತ್ರಿ ಬಸ್ಸು ಹತ್ತುತ್ತಾನೆ. ಗೋಕಾಕದ ಕರದಂಟು ಕಟ್ಟುವವರ ಮನೆಯಲ್ಲಿ ಕುಳಿತು ಬೆಲ್ಲದ ಪಾಕ ಎಷ್ಟು ಎಳೆಗೆ ಬರಬೇಕೆಂದು ಕೇಳಿ ಬರೆದುಕೊಂಡು ಬರುತ್ತಾನೆ. ಲೆಕ್ಕ ಬರೆಯುವಾಗ ಕಾಣದ ಶ್ರದ್ಧೆ ಅವನಿಗೆ ಇಲ್ಲಿದೆ. ಅವನು ನನ್ನೆದುರು ಕುಳಿತು ಕೇಳಿದ ಪ್ರಶ್ನೆಯೂ ನೇರವಾಗಿತ್ತು: “ಮಾವ, ನನಗೆ ತಿನ್ನುವುದು ಇಷ್ಟ, ತಿರುಗುವುದು ಇಷ್ಟ, ಅದನ್ನು ನಾಲ್ಕು ಜನಕ್ಕೆ ಹೇಳುವುದೂ ಇಷ್ಟ. ಈ ಮೂರನ್ನೂ ಸೇರಿಸಿ ಹೊಟ್ಟೆಪಾಡು ಮಾಡಿಕೊಂಡರೆ ಯಾರಿಗೆ ಅನ್ಯಾಯ?”

ಯಾರಿಗೂ ಅನ್ಯಾಯವಿಲ್ಲ ಎಂದು ಆ ಕ್ಷಣಕ್ಕೆ ಹೇಳಿಬಿಡುತ್ತಿದ್ದೆ. ಆದರೆ ಏನೋ ಒಂದು ಹಳೆಯ ನೆನಪು ನನ್ನ ಬಾಯನ್ನು ಕಟ್ಟಿತು. ಅದೇನೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಅಕ್ಕನ ಪಕ್ಷದ ಆಕ್ಷೇಪಣೆಯನ್ನು ನೋಡೋಣ. ಉಣ್ಣುವುದು, ತಿರುಗುವುದು ಇವು ಬರೆಯತಕ್ಕ ವಿಷಯಗಳೇ ಅಲ್ಲ ಎಂಬುದು ನಿಜವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ರಚಿಸಿದಾಗ ಅರಸನ ಭೋಗಗಳ ನಡುವೆ ಅನ್ನಭೋಗಕ್ಕೂ ಗೌರವದ ಎಡೆ ಹಾಕಿದ, ನಮ್ಮ ಇಡ್ಲಿಯ ಮುತ್ತಜ್ಜನೆನ್ನಬಹುದಾದ ‘ಇಡ್ಡರಿಕಾ’ ಅಲ್ಲಿ ಸಿಕ್ಕುತ್ತದೆ. 16ನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿಯೇ, ಅದೂ ಷಟ್ಪದಿಯಲ್ಲಿ, ‘ಸೂಪಶಾಸ್ತ್ರ’ ಬರೆದ. ಇನ್ನು ಪ್ರವಾಸದ ಬರಹಕ್ಕೆ ನಮ್ಮಲ್ಲಿ ಕೊರತೆಯೇ ಇಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಇವೆಲ್ಲ ಪ್ರವಾಸದ ಪುಸ್ತಕಗಳೇ. ‘ಅಮೆರಿಕದಲ್ಲಿ ಗೊರೂರು’ ಎಂಬ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಆದ್ದರಿಂದ ನಾಲಗೆಯ ಚಪಲ, ಕಾಲಿನ ಚಪಲ ಇವು ಲೇಖನಿಗೆ ಅವಮಾನವಲ್ಲ.

ಆದರೆ ಈ ಹೆಸರುಗಳಲ್ಲಿ ಒಂದು ವಿಶೇಷವಿದೆ. ಸೋಮೇಶ್ವರ ಅರಸ, ಮಂಗರಸ ಒಬ್ಬ ಪಾಳೆಯದ ಪ್ರಭು. ವಿ.ಸೀ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದವರು. ಇವರಲ್ಲಿ ಯಾರೂ ತಮ್ಮನ್ನು ಉಪಚರಿಸಿದವರನ್ನು ಹೊಗಳಿ ಅಂದಿನ ಊಟವನ್ನು ಸಂಪಾದಿಸಬೇಕಾಗಿರಲಿಲ್ಲ. ನನ್ನ ಸೋದರಳಿಯನ ಪ್ರಶ್ನೆ ಹೊಸದಾಗುವುದು ಇಲ್ಲಿ. ಅವನಿಗೆ ಉಂಡದ್ದರಿಂದಲೇ ಊಟ ಹುಟ್ಟಬೇಕು.

ಪ್ರೀತಿಸುವ ಕೆಲಸವನ್ನು ಮಾರಬಾರದು, ಮಾರಿದರೆ ಪ್ರೀತಿ ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಸಂಭಾವನೆ ಪಡೆದು ಹಾಡುವ ಸಂಗೀತಗಾರನ ತೋಡಿ ರಾಗ ಅದರಿಂದ ಮಾಸುವುದಿಲ್ಲ. ಮಡಕೆ ಮಾರಿ ಬದುಕುವ ಕುಂಬಾರನಿಗೆ ಮಣ್ಣಿನ ಮೇಲೆ ಮಮತೆಯಿಲ್ಲವೆಂದು ಹೇಳುವವರಾರು? ಕಾಯಕಕ್ಕೆ ಕೈಲಾಸದ ಪದವಿ ಕೊಟ್ಟ ನಾಡು ನಮ್ಮದು. ದುಡಿಮೆಗೆ ಬೆಲೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಇವನು ಮಾರುತ್ತಿರುವ ಸರಕು ಯಾವುದು?

ದೋಸೆಯನ್ನು ಮಾರುವವನು ಹೋಟೆಲಿನವನು. ದಾರಿಯನ್ನು ಮಾರುವವನು ಬಸ್ಸಿನವನು. ಹಾಗಾದರೆ ದೋಸೆ ತಿಂದು ಬಂದು ನಮಗೆ ಹೇಳುವವನು ಮಾರುವುದೇನನ್ನು? ಮಾತನ್ನು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ‘ನಾನು ನೋಡಿದ್ದೇನೆ, ನಾನು ತಿಂದಿದ್ದೇನೆ, ನೀವು ನಂಬಿ ಹೋಗಬಹುದು’ ಎಂಬ ಸಾಕ್ಷ್ಯವನ್ನು. ನ್ಯಾಯಸ್ಥಾನದಲ್ಲಿ ಸಾಕ್ಷಿಗೆ ಬತ್ತೆ ಕೊಡುವುದು ತಪ್ಪಲ್ಲ. ಬಂದುಹೋದ ಖರ್ಚು ಯಾರಾದರೂ ಕೊಡಬೇಕಲ್ಲ? ಆದರೆ ವಾದಿಯೋ ಪ್ರತಿವಾದಿಯೋ ಗುಟ್ಟಾಗಿ ಸಾಕ್ಷಿಯ ಜೇಬಿಗೆ ಹಣ ತುರುಕಿದರೆ ಆ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಈ ಉದ್ಯೋಗ ತಮ್ಮ ಕಾಲದ್ದೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಇನ್ನೂರು ವರ್ಷಗಳ ಹಿಂದೆಯೇ ಅದು ಪ್ಯಾರಿಸಿನಲ್ಲಿತ್ತು; ಅದರ ಕಷ್ಟವೂ ಅಂದಿನಿಂದಲೇ ಇತ್ತು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಶ್ರೀಮಂತ ಮನೆತನಗಳು ಮುಳುಗಿದಾಗ ಅವರ ಅಡಿಗೆಯವರಲ್ಲಿ ಅನೇಕರು ಬೀದಿಗೆ ಬಂದು ಊಟದ ಮನೆಗಳನ್ನು ತೆರೆದರು. ಹೊಸದಾಗಿ ಹಣ ಕಂಡವರಿಗೆ ಎಲ್ಲಿ ಏನು ತಿನ್ನಬೇಕೆಂದು ತಿಳಿಯದು. ಆಗ ಗ್ರಿಮೋ ದ ಲಾ ರೆನ್ಯೇರ್ ಎಂಬವನು 1803ರಲ್ಲಿ ಭೋಜನಪ್ರಿಯರಿಗಾಗಿ ಒಂದು ಪಂಚಾಂಗ ಹೊರಡಿಸಿದ. ಯಾವ ಬೀದಿಯಲ್ಲಿ ಯಾವ ಅಂಗಡಿ, ಯಾರ ರೊಟ್ಟಿ ಚೆನ್ನ, ಯಾರ ಮಿಠಾಯಿ ಚೆನ್ನ ಎಂದೆಲ್ಲ ಅದರಲ್ಲಿ ಬರೆದ. ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಯಿತು. ರುಚಿ ನೋಡಿ ತೀರ್ಪು ಹೇಳಲು ಒಂದು ಪಂಚಾಯಿತಿಯನ್ನೂ ಕೂಡಿಸಿದ. ಅಂಗಡಿಯವರು ತಮ್ಮ ತಿನಿಸನ್ನು ಅವನ ಮನೆಗೆ ಕಳುಹಿಸಬೇಕು, ಪಂಚರು ತಿಂದು ತೀರ್ಪು ಕೊಡುವರು, ತೀರ್ಪು ಅಚ್ಚಾಗುವುದು. ಪುಕ್ಕಟೆಯಾಗಿ ಬಂದದ್ದನ್ನು ತಿಂದು ತೀರ್ಪು ಹೇಳುವ ಇವರು ಎಂಥ ನ್ಯಾಯಾಧೀಶರು ಎಂಬ ದೂರು ಹುಟ್ಟಲು ಬಹಳ ಕಾಲ ಬೇಕಾಗಲಿಲ್ಲ. 1812ರ ಹೊತ್ತಿಗೆ ಪಂಚಾಂಗ ನಿಂತುಹೋಯಿತು. ಈ ಉದ್ಯೋಗದ ಮೂಲಪುರುಷನೆಂದು ಎಣಿಸಬಹುದಾದ ಮನುಷ್ಯನೇ ಅದರ ಮೊದಲ ಕಲ್ಲನ್ನೂ ಎಡವಿದ.

ಅವನನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ನಾನು ಮೊದಲೇ ಹೇಳಿದ ಹಳೆಯ ನೆನಪು ಇದೇ ಬಗೆಯದು. ಹಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ದೇವಸ್ಥಾನದ ಮೇಲೆ ಒಂದು ಲೇಖನ ಬರೆಯಬೇಕಾಗಿತ್ತು. ಊಟಕ್ಕೆ ಹೋದ ಹೋಟೆಲಿನ ಯಜಮಾನರಿಗೆ ನಾನು ಪತ್ರಿಕೆಗೆ ಬರೆಯುವವನೆಂದು ಹೇಗೋ ಗೊತ್ತಾಯಿತು. ಒಳಗಿನ ಕೋಣೆಯಲ್ಲಿ ಬಾಳೆಯೆಲೆ ಹಾಕಿಸಿದರು. ತಾವೇ ನಿಂತು ತುಪ್ಪ ಬಡಿಸಿದರು. ಹುಳಿ ಹಿಂದಿನ ದಿನದ್ದೆಂದು ನನ್ನ ಮೂಗಿಗೆ ತಿಳಿಯಿತು. ನೀರಿನ ತೊಟ್ಟಿಯನ್ನು ಕೈತೊಳೆಯುವಾಗ ಕಣ್ಣಾರೆ ಕಂಡೆ. ಹಣ ಕೊಡಹೋದರೆ ಕೈ ಹಿಡಿದುಕೊಂಡರು: “ಬಿಡಿ ಸ್ವಾಮಿ, ನಿಮ್ಮಂಥವರು ಬರುವುದೇ ಅಪರೂಪ.” ಲೇಖನದ ಕೊನೆಯಲ್ಲಿ ‘ಯಾತ್ರಿಕರು ಊಟಕ್ಕೆ ಯೋಚಿಸಬೇಕಾಗಿಲ್ಲ, ಇಂಥಲ್ಲಿ ಆದರದ ಉಪಚಾರ ದೊರೆಯುತ್ತದೆ’ ಎಂದು ಒಂದು ಸಾಲು ಸೇರಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರ ನಿಜವಾಗಿಯೂ ದೊರೆತಿತ್ತು. ಮೂರು ವಾರದ ಮೇಲೆ ಒಂದು ಕಾರ್ಡು ಬಂತು. ಬರೆದವರು ಒಬ್ಬ ಶಾಲಾ ಉಪಾಧ್ಯಾಯರು. ನನ್ನ ಲೇಖನ ಓದಿ ಹೆಂಡತಿ ಮಕ್ಕಳೊಡನೆ ಯಾತ್ರೆ ಹೋಗಿದ್ದರಂತೆ. ಅಲ್ಲಿಯೇ ಉಂಡರಂತೆ. ಎರಡು ಮಕ್ಕಳೂ ವಾಂತಿ ಭೇದಿಯಾಗಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದವಂತೆ. ಬೈಗುಳ ಒಂದೂ ಇರಲಿಲ್ಲ. ‘ತಾವು ಅಲ್ಲಿ ಊಟ ಮಾಡಿದ್ದು ನಿಜವೇ ಎಂದು ತಿಳಿಯುವ ಕುತೂಹಲ’ ಎಂದು ಮುಗಿಸಿದ್ದರು.

ಊಟ ಮಾಡಿದ್ದು ನಿಜ. ಅದೇ ತೊಂದರೆ. ಊಟ ಮಾಡಿದ್ದರಿಂದಲೇ ನಿಜ ಬರೆಯಲಾರದೆ ಹೋದೆ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮಗೆ ತೊಟ್ಟಿಲಲ್ಲಿಯೇ ಕಲಿಸುತ್ತಾರೆ. ಉಪ್ಪಿನ ಋಣ ದೊಡ್ಡದು. ಅತಿಥಿಯಾಗಿ ಹೋದವನು ಸಾರಿನಲ್ಲಿ ಉಪ್ಪಿಲ್ಲವೆಂದು ಬೀದಿಯಲ್ಲಿ ಹೇಳುವುದು ಹೀನತನ. ಈ ಧರ್ಮ ಒಳ್ಳೆಯದು. ಅದಿಲ್ಲದೆ ಯಾರೂ ಯಾರನ್ನೂ ಮನೆಗೆ ಕರೆಯಲಾರರು. ಕೃಷ್ಣ ಕುಚೇಲನ ಅವಲಕ್ಕಿಯನ್ನು ತಿಂದಾಗ ಅದು ಮುಗ್ಗಿತ್ತೋ ಹೊಸದೋ ಎಂದು ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಆದರೆ ಬರೆಯಲು ಕುಳಿತವನ ತಲೆಯ ಮೇಲೆ ಇನ್ನೊಂದು ಋಣವಿದೆ, ಓದುಗನ ಋಣ. ಅವನು ಯಾರೋ, ಎಲ್ಲಿಯವನೋ. ನಮ್ಮ ಮಾತು ನಂಬಿ ತನ್ನ ರಜೆಯನ್ನೂ ಹಣವನ್ನೂ ಮಕ್ಕಳ ಹೊಟ್ಟೆಯನ್ನೂ ನಮ್ಮ ಕೈಯಲ್ಲಿಡುತ್ತಾನೆ. ಅತಿಥಿಯ ಧರ್ಮ ಮುಚ್ಚಿಡು ಎನ್ನುತ್ತದೆ. ಸಾಕ್ಷಿಯ ಧರ್ಮ ತೆರೆದು ಹೇಳು ಎನ್ನುತ್ತದೆ. ಒಂದೇ ಎಲೆಯ ಮುಂದೆ ಕುಳಿತು ಎರಡನ್ನೂ ನಡೆಸುವುದು ಮನುಷ್ಯಮಾತ್ರನಿಗೆ ಸಾಧ್ಯವಿಲ್ಲ.

ಇದಕ್ಕೆ ಪರಿಹಾರ ಬಹಳ ಸಾಮಾನ್ಯವಾದದ್ದು: ಬಿಲ್ಲು. ಹೋಟೆಲಿನ ಬಿಲ್ಲನ್ನು ನಾವು ತಾತ್ಸಾರದಿಂದ ನೋಡುತ್ತೇವೆ. ಆದರೆ ಗಲ್ಲಾದ ಮುಂದೆ ನಿಂತು ಎಣಿಸಿ ಕೊಟ್ಟ ಹಣ ನಮ್ಮನ್ನು ಉಪ್ಪಿನ ಋಣದಿಂದ ಬಿಡುಗಡೆ ಮಾಡುತ್ತದೆ. ಕೊಟ್ಟ ಮೇಲೆ ನಾನು ಅತಿಥಿಯಲ್ಲ, ಗಿರಾಕಿ. ಗಿರಾಕಿಗೆ ನಾಲಗೆಯಿದೆ. ಇದನ್ನು ಚೆನ್ನಾಗಿ ಅರಿತಿದ್ದವನು ಕ್ರೇಗ್ ಕ್ಲೈಬೋರ್ನ್. 1957ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಆಹಾರ ವಿಭಾಗದ ಸಂಪಾದಕನಾದ ಈತ ಒಂದು ನೇಮ ಹಾಕಿಕೊಂಡ. ಹೋಟೆಲಿಗೆ ಗುರುತು ಹೇಳದೆ ಹೋಗಬೇಕು; ಒಂದೇ ಸಲ ಹೋಗಿ ತೀರ್ಪು ಹೇಳಬಾರದು; ಹಣವನ್ನು ಪತ್ರಿಕೆಯೇ ಕೊಡಬೇಕು. ಮುಂದೆ ಬಂದ ವಿಮರ್ಶಕರಿಗೆ ಅದು ಸಂಪ್ರದಾಯವೇ ಆಯಿತು.

ಇಷ್ಟನ್ನು ನಾನು ಹೇಳಿ ಮುಗಿಸುವುದರೊಳಗೆ ಸೋದರಳಿಯ ಒಂದು ಮಾತು ಎತ್ತಿದ. ಅದಕ್ಕೆ ನಾನು ಸಿದ್ಧನಾಗಿರಲಿಲ್ಲ. “ಮಾವ, ನ್ಯೂಯಾರ್ಕಿನ ಪತ್ರಿಕೆಗೆ ದುಡ್ಡಿದೆ, ಕೊಡುತ್ತದೆ. ನನಗೆ ಯಾರು ಕೊಡುತ್ತಾರೆ? ಹಣವಿದ್ದವರು ಮಾತ್ರ ಸತ್ಯ ಹೇಳಬಹುದು ಎಂದಾಯಿತಲ್ಲ ನಿಮ್ಮ ಲೆಕ್ಕದಲ್ಲಿ?”

ಹುಡುಗ ಲೆಕ್ಕದ ಶಾಖೆಯವನು. ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು. ನಿಜವೇ, ಬಿಲ್ಲನ್ನು ಯಾರಾದರೂ ಕೊಡಲೇಬೇಕು. ಜಗತ್ಪ್ರಸಿದ್ಧವಾದ ಮಿಷೆಲಿನ್ ಕೈಪಿಡಿಯನ್ನೇ ನೋಡಿ. 1900ರಲ್ಲಿ ಅದನ್ನು ಹೊರಡಿಸಿದವರು ಟೈರಿನ ಕಂಪೆನಿಯವರು. ಜನ ಹೆಚ್ಚು ತಿರುಗಿದಷ್ಟೂ ಟೈರು ಸವೆಯುತ್ತದೆ. ಟೈರು ಸವೆದರೆ ವ್ಯಾಪಾರ. ಮೊದಲು ಪುಸ್ತಕವನ್ನು ಪುಕ್ಕಟೆಯಾಗಿ ಹಂಚಿದರು. ಒಂದು ಗ್ಯಾರೇಜಿನಲ್ಲಿ ಕೆಲಸದ ಮೇಜಿನ ಕಾಲಿಗೆ ಆ ಪುಸ್ತಕಗಳನ್ನು ಒತ್ತು ಕೊಟ್ಟಿದ್ದನ್ನು ಕಂಡು ಯಜಮಾನನ ಮನಸ್ಸಿಗೆ ನೋವಾಯಿತೆಂದು ಕಂಪೆನಿಯವರೇ ಕತೆ ಹೇಳುತ್ತಾರೆ. 1920ರಿಂದ ಪುಸ್ತಕಕ್ಕೆ ಬೆಲೆ ಕಟ್ಟಿದರು, ಜಾಹೀರಾತು ತೆಗೆದರು. 1926ರಲ್ಲಿ ಊಟದ ಮನೆಗಳಿಗೆ ನಕ್ಷತ್ರ ಕೊಡಲು ಶುರುಮಾಡಿದರು. ಪರೀಕ್ಷಕರು ಗುರುತು ಮರೆಸಿ ಹೋಗಿ, ಉಂಡು, ಹಣ ತೆತ್ತು ಬರುವ ಪದ್ಧತಿ ಬೆಳೆಯಿತು. ಅಂಥ ಸಂಸ್ಥೆಯೂ ಈಚಿನ ವರ್ಷಗಳಲ್ಲಿ ಥಾಯ್‌ಲೆಂಡಿನಂಥ ಕೆಲವು ದೇಶಗಳ ಕೈಪಿಡಿಗಳಿಗೆ ಅಲ್ಲಲ್ಲಿನ ಪ್ರವಾಸೋದ್ಯಮ ಮಂಡಳಿಗಳ ಹಣ ಪಡೆದಿದೆ; ಅದರ ಬಗ್ಗೆ ಚರ್ಚೆಯೂ ನಡೆದಿದೆ. ಪೂರ್ತಿ ಮಡಿಯಾದ ಹಣ ಎಲ್ಲಿಯೂ ಇಲ್ಲ. ಆದರೂ ಟೈರಿನ ಹಣಕ್ಕೂ ಅಡಿಗೆಮನೆಯ ಹಣಕ್ಕೂ ವ್ಯತ್ಯಾಸವಿದೆ. ಯಾರ ಬಗ್ಗೆ ನಾವು ಸಾಕ್ಷಿ ಹೇಳುತ್ತೇವೆಯೋ ಅವನ ಕೈಯಿಂದ ಹಣ ಬರದಿದ್ದರೆ ಅರ್ಧ ಗೆದ್ದಂತೆ.

ಅವನ ಕೈಯಿಂದಲೇ ಬಂದಾಗ? ಹೇಳಿಬಿಡಬೇಕು. ನಮ್ಮ ದೇಶದ ಸರ್ಕಾರವೂ ಈಗ ಅದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಆಶ್ರಯದಲ್ಲಿ 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಗಳ ಪ್ರಕಾರ, ಹಣ ಮಾತ್ರವಲ್ಲ, ಉಡುಗೊರೆ, ಪುಕ್ಕಟೆ ಪ್ರಯಾಣ, ಹೋಟೆಲಿನ ವಾಸ ಇವನ್ನು ಪಡೆದು ಹೊಗಳುವವರು ಆ ಸಂಬಂಧವನ್ನು ಜನಕ್ಕೆ ಕಾಣುವಂತೆ, ತಿಳಿಯುವ ಮಾತಿನಲ್ಲಿ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಕಾನೂನಿನಲ್ಲಿ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಒಳ್ಳೆಯದೇ. ಆದರೆ ಕಾನೂನು ಕಾಯುವುದು ಬಾಗಿಲನ್ನು, ಮನಸ್ಸನ್ನಲ್ಲ. ‘ಇದನ್ನು ನಾನು ಪುಕ್ಕಟೆಯಾಗಿ ತಿಂದೆ’ ಎಂದು ಒಪ್ಪಿಕೊಂಡ ಮೇಲೂ ಹುಳಿ ಹಳಸಿತ್ತೆಂದು ಹೇಳಲು ನಾಲಗೆ ಏಳುವುದೇ ಎಂಬುದು ಬೇರೆಯ ಪ್ರಶ್ನೆ. ಆ ಒಳಕೋಣೆಯಲ್ಲಿ ನನಗೆ ಏಳಲಿಲ್ಲ.

“ಹಾಗಾದರೆ ನೀನು ಕೊಡಬಲ್ಲ ಬಿಲ್ಲಿನ ಊಟವನ್ನೇ ಉಣ್ಣು” ಎಂದೆ. “ಐದು ನಕ್ಷತ್ರದ ಹೋಟೆಲಿನಲ್ಲಿ ಅವರ ಖರ್ಚಿನಲ್ಲಿ ಮಲಗಿ ಎದ್ದು ಹೊಗಳುವುದಕ್ಕಿಂತ ಬಿಡದಿಯಲ್ಲಿ ಎರಡು ತಟ್ಟೆ ಇಡ್ಲಿಗೆ ನಿನ್ನ ಹಣ ಕೊಟ್ಟು ಬರೆ. ಬಡವನಿಗೆ ಸತ್ಯ ಹೇಳುವ ಹಕ್ಕಿಲ್ಲವೆಂದು ನಾನು ಹೇಳಲಿಲ್ಲ. ಹತ್ತಿರದ್ದನ್ನು ಕುರಿತು ಹೇಳು ಎಂದೆ, ಅಷ್ಟೇ.” ಈ ಮಾತಿಗೆ ಒಂದು ದೃಷ್ಟಾಂತವೂ ನೆನಪಾಯಿತು. ನ್ಯೂಯಾರ್ಕಿನ ಅಡಿಗೆಮನೆಗಳಲ್ಲಿ ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತು, 2000ದಲ್ಲಿ ಆ ಬದುಕಿನ ಮೇಲೆ ಒಂದು ಪುಸ್ತಕ ಬರೆದು ಹೆಸರಾದ ಆ್ಯಂಟನಿ ಬೋರ್ಡೇನ್, ಆಮೇಲೆ ಲೋಕವೆಲ್ಲ ತಿರುಗಿ ತಿಂದದ್ದನ್ನು ದೂರದರ್ಶನದಲ್ಲಿ ತೋರಿಸುವುದನ್ನೇ ಉದ್ಯೋಗ ಮಾಡಿಕೊಂಡ. 2018ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡುತ್ತಿದ್ದ. 2016ರಲ್ಲಿ ವಿಯೆಟ್ನಾಮಿನ ಹಾನಾಯ್ ನಗರದಲ್ಲಿ, ಆಗಿನ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮನನ್ನು ಒಂದು ಸಾಮಾನ್ಯ ಊಟದ ಮನೆಗೆ ಕರೆದುಕೊಂಡು ಹೋದ. ಇಬ್ಬರೂ ಪ್ಲಾಸ್ಟಿಕ್ಕಿನ ಗಿಡ್ಡ ಮಣೆಗಳ ಮೇಲೆ ಕುಳಿತು, ಸುಟ್ಟ ಮಾಂಸ ಮತ್ತು ಅಕ್ಕಿಯ ಶಾವಿಗೆಯ ‘ಬುನ್ ಚಾ’ ಉಂಡರು. ಬಿಲ್ಲು ಆರು ಡಾಲರು. ಕೊಟ್ಟವನು ತಾನೇ ಎಂದು ಬೋರ್ಡೇನ್ ಹೆಮ್ಮೆಯಿಂದ ಹೇಳಿಕೊಂಡ. ಹೇಳಿಕೊಳ್ಳತಕ್ಕ ಹೆಮ್ಮೆಯೇ.

ಆದರೆ ಆ ಕತೆಗೆ ಒಂದು ಉತ್ತರಭಾಗವಿದೆ. ಅವರಿಬ್ಬರೂ ಕುಳಿತಿದ್ದ ಆ ಮೇಜಿಗೆ ಹೋಟೆಲಿನವರು ಆಮೇಲೆ ಗಾಜಿನ ಪೆಟ್ಟಿಗೆ ಹಾಕಿಸಿದರು. ತಟ್ಟೆ ಬಟ್ಟಲುಗಳ ಸಮೇತ ಅದು ಈಗ ಪ್ರದರ್ಶನದ ವಸ್ತು. ಬಿಲ್ಲು ಕೊಟ್ಟು, ಸತ್ಯ ಹೇಳಿ, ಪ್ರೀತಿಯಿಂದ ಹೊಗಳಿದ ಮೇಲೂ ಹೀಗಾಗುತ್ತದೆ. ಯಾವ ಮೇಜಿನ ಊಟ ಚೆನ್ನಾಗಿತ್ತೆಂದು ಲೋಕಕ್ಕೆ ಹೇಳಿದನೋ ಆ ಮೇಜಿನಲ್ಲಿ ಇನ್ನು ಯಾರೂ ಉಣ್ಣಲಾರರು.

ಇದನ್ನು ಹೇಳಿದಾಗ ಸೋದರಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನಾಗಿಯೇ ಒಂದು ವಿಷಯ ತೆಗೆದ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಒಬ್ಬ ಹೆಂಗಸು ಊಟದ ಮನೆ ನಡೆಸುತ್ತಿದ್ದರಂತೆ. ದಿನಕ್ಕೆ ಮೂವತ್ತು ಎಲೆ. ಬಸ್ಸಿನ ಡ್ರೈವರು ಕಂಡಕ್ಟರುಗಳು, ನಾಲ್ಕಾರು ಕಾಲೇಜಿನ ಹುಡುಗರು, ಇಷ್ಟೇ ಗಿರಾಕಿಗಳು. ಅಕ್ಕಿ ರೊಟ್ಟಿ, ಹುರುಳಿ ಸಾರು, ಮಳೆಗಾಲದಲ್ಲಿ ಪತ್ರೊಡೆ. ಬಡಿಸುವಾಗ “ಇನ್ನೊಂದು ಸೌಟು ಹಾಕಲೇನಪ್ಪ?” ಎಂದು ಕೇಳುತ್ತಿದ್ದರಂತೆ. ಇವನು ಹಣ ಕೊಟ್ಟೇ ಉಂಡು, ಇದ್ದದ್ದನ್ನು ಇದ್ದಂತೆ ಬರೆದ. ಬಹಳ ಜನ ಓದಿದರು. ವರ್ಷ ಬಿಟ್ಟು ಮತ್ತೆ ಹೋದಾಗ ಬಾಗಿಲ ಮುಂದೆ ಬೆಂಗಳೂರಿನ ಕಾರುಗಳು. ಊಟದ ದರ ಎರಡರಷ್ಟಾಗಿದೆ. ಡ್ರೈವರು ಕಂಡಕ್ಟರುಗಳು ಎದುರಿನ ಚಹಾದಂಗಡಿಯಲ್ಲಿ ಬನ್ನು ತಿನ್ನುತ್ತಿದ್ದಾರೆ. ಆಕೆ ಇವನನ್ನು ಗುರುತು ಹಿಡಿದು ಕೈಮುಗಿದರಂತೆ. ಸಾಲ ತೀರಿತು, ಮಗಳ ಕಾಲೇಜಿನ ಫೀಜು ಕಟ್ಟಿದೆ, ನಿನ್ನಿಂದ ಉಪಕಾರವಾಯಿತು ಎಂದರಂತೆ. ಆದರೆ ಬಡಿಸಲು ಈಗ ಬೇರೆ ಆಳು. ಇನ್ನೊಂದು ಸೌಟಿನ ಮಾತು ಯಾರೂ ಕೇಳಲಿಲ್ಲ.

“ನಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ, ಮಾವ?” ಎಂದ.

ಎರಡನ್ನೂ ಮಾಡಿದ್ದಾನೆ. ಆಕೆಯ ಸಾಲ ತೀರಿದ್ದನ್ನು ಹಗುರವಾಗಿ ಎಣಿಸುವ ಅಧಿಕಾರ ನಮಗಿಲ್ಲ. ಬಡತನವನ್ನು ರುಚಿಯ ಹೆಸರಿನಲ್ಲಿ ಕಾಪಾಡಬೇಕೆನ್ನುವುದು ಹೊಟ್ಟೆ ತುಂಬಿದವರ ಮಾತು. ಡ್ರೈವರಿನ ಕೈಯಲ್ಲಿರುವ ಬನ್ನನ್ನು ಮರೆಯುವುದೂ ಸರಿಯಲ್ಲ. ಮಾತು ಒಮ್ಮೆ ಬಾಯಿಂದ ಹೊರಟ ಮೇಲೆ ಅದು ಯಾರ ಮನೆಯ ಒಲೆ ಹೊತ್ತಿಸುತ್ತದೆ, ಯಾರದನ್ನು ಆರಿಸುತ್ತದೆ ಎಂದು ಮುಂಚಿತವಾಗಿ ತಿಳಿಯಲಾರೆವು. ಆದರೆ ತಿರುಗಿ ಹೋಗಿ ನೋಡಬಹುದು. ಇವನು ಹೋಗಿ ನೋಡಿದ, ನೋಡಿ ನೊಂದುಕೊಂಡ. ಬರೆಯುವವನಿಗೆ ಬೇಕಾದ ಯೋಗ್ಯತೆಯಲ್ಲಿ ಇದು ದೊಡ್ಡದೆಂದು ನನಗೆ ತೋರಿತು. ಹೊಸ ಊರು ಹುಡುಕುವವರು ಸಾವಿರ. ಹಳೆಯ ಊರಿಗೆ ಮರಳಿ ಹೋಗಿ ತನ್ನ ಮಾತಿನ ಫಲ ಏನಾಯಿತೆಂದು ನೋಡುವವರು ವಿರಳ.

ಇನ್ನೊಂದು ಅಪಾಯ ಉಳಿದಿದೆ. ಅದು ಹೊರಗಿನವರಿಂದ ಬರುವುದಲ್ಲ. ರುಚಿ ಎಂಬುದು ಅಡಿಗೆಯಲ್ಲಿ ಅರ್ಧ, ಹಸಿವಿನಲ್ಲಿ ಅರ್ಧ. ದಿನಕ್ಕೆ ನಾಲ್ಕು ಕಡೆ ಉಣ್ಣಬೇಕಾದವನಿಗೆ ಹಸಿವೆಲ್ಲಿ? ನಾನು ಮೆಚ್ಚಿ ಹೇಳಿದ ಆ ಕ್ಲೈಬೋರ್ನನೇ 1975ರಲ್ಲಿ, ಒಂದು ಹರಾಜಿನಲ್ಲಿ 300 ಡಾಲರಿಗೆ ಕೂಗಿ ಒಂದು ಬಹುಮಾನ ಗೆದ್ದ. ಲೋಕದ ಯಾವ ಊಟದ ಮನೆಯಲ್ಲಿ ಬೇಕಾದರೂ ಇಬ್ಬರಿಗೆ ಭೋಜನ, ಖರ್ಚು ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯದು. ಪ್ಯಾರಿಸಿಗೆ ಹೋಗಿ ಗೆಳೆಯನೊಡನೆ 31 ಭಕ್ಷ್ಯಗಳ ಊಟ ಮಾಡಿದ. ಬಿಲ್ಲು 4000 ಡಾಲರು. ಅದನ್ನು ವರ್ಣಿಸಿ ಪತ್ರಿಕೆಯ ಮುಖಪುಟದಲ್ಲಿ ಬರೆದಾಗ ಓದುಗರ ಕೋಪ ಪತ್ರಗಳ ಮಳೆಯಾಗಿ ಸುರಿಯಿತು. ಲೋಕದಲ್ಲಿ ಹಸಿದವರಿರುವಾಗ ಇದು ನಾಚಿಕೆಗೇಡೆಂದು ವ್ಯಾಟಿಕನ್ನಿನಿಂದಲೂ ಟೀಕೆ ಬಂತು. ಅವನು ಪ್ರಾಮಾಣಿಕನೇ, ಅದೇ ವರದಿಯಲ್ಲಿ ಕೆಲವು ಭಕ್ಷ್ಯಗಳ ಕೊರತೆಯನ್ನೂ ಎತ್ತಿ ತೋರಿದ್ದ. ಆದರೆ 31 ಭಕ್ಷ್ಯಗಳಲ್ಲಿ ಕೊರತೆ ಹುಡುಕುವ ನಾಲಗೆಗೆ, ಮಳೆಯಲ್ಲಿ ನೆನೆದು ಬಂದವನು ಬಿಸಿ ಹುರುಳಿ ಸಾರಿನ ಮೊದಲ ಗುಟುಕಿನಲ್ಲಿ ಕಾಣುವುದು ಕಾಣಿಸೀತೇ ಎಂದು ನನಗೆ ಅನುಮಾನ. ಪ್ರೀತಿ ಉದ್ಯೋಗವಾದಾಗ ಕೆಡುವುದು ಹಣದಿಂದಲ್ಲ, ಬಿಡುವಿಲ್ಲದ್ದರಿಂದ. ಸಂಗೀತಗಾರನಿಗೂ ಯಾರೂ ಕೇಳದ ಒಂದು ಸಾಧನೆಯ ಹೊತ್ತಿರುತ್ತದೆ. ಉಂಡದ್ದನ್ನೆಲ್ಲ ಮಾರುವವನಿಗೆ ತನ್ನದೆಂದು ಒಂದು ತುತ್ತೂ ಉಳಿಯುವುದಿಲ್ಲ.

ಶರಣರ ಕತೆಗಳಲ್ಲಿ ಆಯ್ದಕ್ಕಿ ಮಾರಯ್ಯನದೊಂದಿದೆ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ಆಯ್ದದ್ದೇ. ಆದರೂ ಎಷ್ಟು ಆಯಬೇಕೆಂಬುದಕ್ಕೆ ಒಂದು ಮಿತಿಯುಂಟೆಂದು ಆಕೆಗೆ ಗೊತ್ತಿತ್ತು. ಊರೂರು ತಿರುಗಿ ರುಚಿಯನ್ನು ಆಯ್ದು ತರುವವನಿಗೂ ಇಂಥ ಒಬ್ಬ ಲಕ್ಕಮ್ಮ, ಮನೆಯಲ್ಲಿಲ್ಲದಿದ್ದರೆ ಮನಸ್ಸಿನಲ್ಲಾದರೂ, ಇರಬೇಕು.

ಮಧ್ಯಾಹ್ನವಾಗಿತ್ತು. ನನ್ನ ಹೆಂಡತಿ ಎಲೆ ಹಾಕಿದಳು. ಬೇಳೆಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ, ವಿಶೇಷವೇನೂ ಇಲ್ಲ. ಹುಡುಗ ಮೂರು ಸಲ ಸಾರು ಹಾಕಿಸಿಕೊಂಡ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲೆ ಖಾಲಿಯಾದದ್ದನ್ನು ನೋಡಿ ಅವಳೂ ಕೇಳಲಿಲ್ಲ. ಕೈತೊಳೆದು ಬಂದು, “ಅತ್ತೆಯ ಸಾರಿನ ಮೇಲೆ ಮಾತ್ರ ಬರೆಯುವುದಿಲ್ಲ, ಮಾವ” ಎಂದು ನಕ್ಕ. ಸರಿಯಾಗಿಯೇ ಹೇಳಿದ. ಅಲ್ಲಿ ಬಿಲ್ಲಿಲ್ಲ; ಆದ್ದರಿಂದ ಸಾಕ್ಷ್ಯವೂ ಇಲ್ಲ.

ಕೊನೆಗೆ ಅವನಿಗೆ ನಾನು ಹೇಳಿದ್ದು ಇಷ್ಟು. ಹೋಗು. ಆದರೆ ಲೆಕ್ಕದ ವಿದ್ಯೆಯನ್ನು ಪೂರ್ತಿ ಬಿಡಬೇಡ. ನಮ್ಮ ಹಿರಿಯ ಬರಹಗಾರರನೇಕರಿಗೆ ಸತ್ಯ ಬರೆಯುವ ಧೈರ್ಯ ಕೊಟ್ಟದ್ದು ಮೇಷ್ಟರ ಸಂಬಳ. ವರ್ಷದಲ್ಲಿ ಕೆಲವು ತಿಂಗಳು ನಾಲ್ಕಾರು ಅಂಗಡಿಗಳ ಲೆಕ್ಕ ಬರೆದು, ಆ ಹಣದಲ್ಲಿ ಉಳಿದ ತಿಂಗಳು ಉಂಡು ತಿರುಗು. ಓದುವವರು ಕೊಟ್ಟರೆ ತೆಗೆದುಕೋ. ಬಡಿಸುವವರು ಕೊಟ್ಟರೆ ಬೇಡವೆನ್ನು. ಬೇಡವೆನ್ನಲಾರದೆ ಹೋದ ದಿನ ಅದನ್ನು ಮೊದಲ ಸಾಲಿನಲ್ಲಿಯೇ ಬರೆ.

ಹೋದ ವಾರ ಅವನು ರಾಜೀನಾಮೆ ಕೊಟ್ಟನೆಂದು ತಿಳಿಯಿತು. ಮನೆಗೆ ಬಂದು ಒಂದು ರಟ್ಟಿನ ಪುಸ್ತಕ ತೋರಿಸಿದ. ಅದರಲ್ಲಿ ತಿಂದ ಊಟಗಳ ಬಿಲ್ಲುಗಳನ್ನು ಒಂದೊಂದಾಗಿ ಅಂಟಿಸುತ್ತಾನಂತೆ. ಮೊದಲನೆಯದು ಆ ಮಲೆನಾಡಿನ ಊಟದ ಮನೆಯದು. ಡ್ರೈವರುಗಳಿಗೆ ಹಳೆಯ ದರದಲ್ಲಿ ಹತ್ತು ಎಲೆಯಾದರೂ ಇಟ್ಟುಕೊಳ್ಳಲು ಸಾಧ್ಯವೇ ಎಂದು ಆಕೆಯನ್ನು ಕೇಳಿ ಬಂದನಂತೆ. ನೋಡೋಣ ಎಂದರಂತೆ.

ಅಕ್ಕ ಮಾತ್ರ ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ.